ಹಾಲಿಗೆ ತಂತಿ ಅದ್ದಿದವಳು

ನಮ್ಮೂರ ಡೇರಿಯಲ್ಲಿ ಯಾರೂ ಯಾರನ್ನೂ ನಂಬುವುದಿಲ್ಲ. ನಂಬಬಾರದು ಎಂದೇ ನನ್ನ ಅಭಿಪ್ರಾಯ. ಹಾಲು ಪರೀಕ್ಷೆ ಮಾಡುವ ಯಶೋಧರಾಳ ಮೇಲಂತೂ ಎಲ್ಲರಿಗೂ ಒಂದು ಕಣ್ಣಿತ್ತು.

ಅವಳು ಕೆ.ಆರ್. ಪೇಟೆಯವಳು, ಅಪ್ಪನ ರೇಡಿಯೊ ರಿಪೇರಿ ಅಂಗಡಿಯಲ್ಲಿ ಬೆಳೆದವಳು. ಗಂಡ ಹೋದಮೇಲೆ ಅವಳಿಗೂ ಮಗಳು ಸಹನಳಿಗೂ ಈ ಡೇರಿ ಕೆಲಸವೇ ಅನ್ನ. ಮೆಶೀನಿನ ಮುಂದೆ ಕೂತರೆ ಫ್ಯಾಟು, ನೀರು ಬೆರೆತರೆ ಇಳಿಯುವ ಡಿಗ್ರಿ, ಇವೆರಡು ಬಿಟ್ಟು ಬೇರೆ ಮಾತಿಲ್ಲ. ಮನೆಯಲ್ಲಿ ಮಾತ್ರ ಬೇರೆಯೇ ಹೆಂಗಸು. ಹಳೇ ರೇಡಿಯೊದ ಹೊಟ್ಟೆ ಬಗೆದು ಒಂದು ಡಬ್ಬ ಮಾಡಿಕೊಂಡಿದ್ದಳು. ಅದರ ಒಂದು ತಂತಿಯನ್ನು ಬೆರಳಿಗೆ ಸುತ್ತಿಕೊಂಡು, ಇನ್ನೊಂದನ್ನು ನೀರಿಗೋ ಟೊಮೆಟೊಗೋ ಮುಟ್ಟಿಸಿದರೆ ಡಬ್ಬ ಗೊಣಗುತ್ತಿತ್ತು, ಕೀರಲಿಡುತ್ತಿತ್ತು, ಒಮ್ಮೊಮ್ಮೆ ಹಾಡಿದಂತೆಯೂ ಕೇಳುತ್ತಿತ್ತು. ಇವತ್ತು ನುಡಿಸಿದ್ದು ನಾಳೆ ಇಲ್ಲ. ನನಗೆ ಅನುಮಾನ ಬಂದದ್ದೇ ಅಲ್ಲಿ. ಹಾಡು ಅಂದಮೇಲೆ ಇನ್ನೊಮ್ಮೆ ಹಾಡಲು ಬರಬೇಡವೇ?

ಈ ಬೇಸಿಗೆಯಲ್ಲಿ ಎಲ್ಲರ ಹಾಲಿನ ಫ್ಯಾಟೂ ಇಳಿಯಿತು, ಅದರ ಜೊತೆ ಸಿಗುವ ದುಡ್ಡೂ. ಡೇರಿ ಅಧ್ಯಕ್ಷ ಪುಟ್ಟಸ್ವಾಮಿ ಹಾಲು ಹಾಕುವವರ ಸಾಲಿನಲ್ಲೇ ಕೂಗಾಡಿದ.

"ಮನೇಲಿ ಕೂತ್ಕಂಡು ಡಬ್ಬ ತಿರುಗುಸ್ತಾಳೆ, ಇಲ್ಲಿ ಮೆಶೀನು ಇಳೀತದೆ ಕಣ್ರಲಾ!"

ಎಲ್ಲರೂ ತಲೆಯಾಡಿಸಿದರು, ನಾನೂ ಆಡಿಸಿದೆ. ಡಬ್ಬ ತಂದು ತೋರಿಸದಿದ್ದರೆ ಕೆಲಸವಿಲ್ಲ ಎಂದು ತೀರ್ಮಾನವಾಯಿತು.

ಮರುದಿನ ಬೆಳಿಗ್ಗೆ ತಂದಳು. ಮೆಶೀನಿನ ಪಕ್ಕದಲ್ಲೇ ಇಟ್ಟು ನುಡಿಸಿದಳು, ಮೆಶೀನಿನ ಅಂಕಿ ಕದಲಲಿಲ್ಲ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಇಷ್ಟು ಜನ ಕಿವಿಗೊಟ್ಟದ್ದು ಅದೇ ಮೊದಲು, ಅವಳಿಗೆ ಹುರುಪು ಬಂತು. ಪರೀಕ್ಷೆಗೆಂದು ತೆಗೆದಿಟ್ಟ ಹಾಲಿನ ಬಟ್ಟಲುಗಳಿಗೆ ತಂತಿ ಅದ್ದುತ್ತ ಹೋದಳು. ಒಬ್ಬೊಬ್ಬರ ಹಾಲಿಗೆ ಒಂದೊಂದು ದನಿ. ಅವಳ ಕೈ ಬಟ್ಟಲಿಂದ ಬಟ್ಟಲಿಗೆ ಹಾರುತ್ತ, ಹಿಂದೆ ಬರುತ್ತ, ಅಲ್ಲಲ್ಲೇ ಹಾಡು ಕಟ್ಟುತ್ತಿತ್ತು. ಹೊಗಳುವುದು ನನ್ನ ಜಾಯಮಾನವಲ್ಲ, ಆದರೂ ಹೇಳುತ್ತೇನೆ, ಬಹಳ ಚೆನ್ನಾಗಿತ್ತು.

ಸಾಲಿನಲ್ಲಿ ಕ್ಯಾನು ಹಿಡಿದು ನಿಂತಿದ್ದ ರವೀಂದ್ರನ ಬಟ್ಟಲಿಗೆ ಬಂದಾಗ ದನಿ ಕುಗ್ಗಿತು.

"ನೀರ್ ಉಯ್ದವ್ನೆ!" ಎಂದು ಅವನ ಹಿಂದಿದ್ದ ಬೆಟ್ಟಮ್ಮ ಕಿರುಚಿದಳು. "ಡಬ್ಬವೇ ಏಳ್ತಾ ಅದೆ!"

ಎಲ್ಲರೂ ರವೀಂದ್ರನ ಕಡೆ ತಿರುಗಿದರು. ಅವನು ಕ್ಯಾನಿನ ಮುಚ್ಚಳ ಒತ್ತಿ ಹಿಡಿದು ನಿಂತಿದ್ದ.

ಪುಟ್ಟಸ್ವಾಮಿಯ ಮುಖ ಅರಳಿತು. "ಮೆಶೀನಿನ ಅಂಕಿ ನಿಂಗೊಬ್ಳಿಗೇ ಅರ್ಥ ಆಗೋದು, ಇದು ಊರ್ಗೆಲ್ಲಾ ಕೇಳ್ತದೆ. ಕೆಲ್ಸ ನಿಂದೇ ಕಣವ್ವ. ದಿನಾ ಈ ಡಬ್ಬ ತಕ್ಕಂಬಾ, ಕಳ್ಳರ್ನೆಲ್ಲಾ ಇಡಿಯುವ."

"ಅದು ನೀರೇ ಆಗ್ಬೇಕಂತ ಇಲ್ಲ ಕಣಣ್ಣ," ಎಂದಳು ಯಶೋಧರಾ. "ಮೇವು ಬದಲಾದ್ರೂ ದನಿ ಬದಲಾಗ್ತದೆ."

"ತರಾಕಿಲ್ಲ ಅಂದ್ರೆ ಕೆಲ್ಸ ಬುಡು."

ನಾನು ಹತ್ತಿರ ಹೋಗಿ, "ಹೂಂ ಅಂದ್ಬುಡು, ಸಹನನ ಮುಖ ನೋಡು," ಎಂದೆ.

ಅವಳು ರವೀಂದ್ರನನ್ನು ನೋಡಿದಳು. ತಂತಿಯನ್ನು ಸೆರಗಿನಲ್ಲಿ ಒರೆಸಿ ಸುತ್ತಿದಳು.

"ಇದ್ನ ಕಟ್ಟಿದ್ದು ನುಡ್ಸಕ್ಕೆ. ಒಬ್ರನ್ನ ನಿಲ್ಸಿ ಮಾನ ಕಳ್ಯಕ್ಕಲ್ಲ."

ಡೇರಿಯ ಬೀಗದ ಕೈ ಮೇಜಿನ ಮೇಲಿಟ್ಟು, ಡಬ್ಬ ಕಂಕುಳಲ್ಲಿ ಇರುಕಿಕೊಂಡು ಹೊರಟೇಹೋದಳು. ಯಾರೂ ಕರೆಯಲಿಲ್ಲ.

ಅವಳು ತಿರುವು ದಾಟಿದ ಮೇಲೆ ರವೀಂದ್ರ ನನ್ನ ತೋಳು ಹಿಡಿದ. ಕಣ್ಣಲ್ಲಿ ನೀರಿತ್ತು.

"ಒಂದ್ ಚೊಂಬು ಉಯ್ದಿದ್ದೆ ಕಣಣ್ಣ. ಪಾಪ, ಅವ್ಳಿಗೆ ಗೊತ್ತಾಗ್ನಿಲ್ಲ."

ದಿನವೂ ಅವನ ಹಾಲಿನ ಡಿಗ್ರಿ ನೋಡುತ್ತಿದ್ದವಳು ಅವಳು. ಗೊತ್ತಿರಲಿಲ್ಲ ಎಂದರೆ ನಾನು ನಂಬುವುದಿಲ್ಲ.