ಥ್ರೋಬಾಲ್ ಕಪ್ಪಿನ ತಳ

ಗೆಳೆಯರೇ, ಇಂದು ಬಾಳೂರಿನ ಹೆಂಗಸರ ಥ್ರೋಬಾಲ್ ತಂಡ ಗೆದ್ದಿತು. ಆದರೆ ಕಪ್ ಮನೆಗೆ ಒಯ್ಯಲು ಪಂದ್ಯಾವಳಿ ಸಮಿತಿಯ ಅಧ್ಯಕ್ಷರು ಮೊದಲು ಒಪ್ಪಲಿಲ್ಲ.

"ಬೆಳ್ಳೀದು ಮಾರಾಯ್ತಿ, ಕಳೆದ್ರೆ ಯಾರು ಜವಾಬ್ದಾರಿ? ಫೋಟೋ ತೆಗೆಸ್ಕೊಂಡು ವಾಪಸ್ ಕೊಡಿ."

ಪ್ರತಿ ವರ್ಷವೂ ಹೀಗೆಯೇ. ಫೋಟೋ ಆದ ಮೇಲೆ ಕಪ್ ಬ್ಯಾಂಕ್ ಲಾಕರ್ ಸೇರುತ್ತದೆ.

ಹಳೆಯ ವಸ್ತುಗಳಿಗೆ ಬೆಲೆ ಕಟ್ಟುವ ನಾನು ಅತಿಥಿಯಾಗಿ ಹೋಗಿದ್ದೆ. ನಾಯಕಿ ಶಾಹಿನಾ ಕಪ್ಪನ್ನು ನನ್ನ ಕೈಗಿತ್ತು, "ತಳದಲ್ಲಿ ಎಂತದೋ ಬರ್ದಿದೆ, ಓದಿ ಮೇಡಂ," ಎಂದಳು. ಇಂಗ್ಲಿಷಿನಲ್ಲಿ 'ಪ್ಯೂಟರ್' ಎಂದಿತ್ತು, ಜೊತೆಗೆ ಯಾವುದೋ ವಿದೇಶಿ ಊರಿನ ಹೆಸರು.

"ಇದು ಪ್ರವಾಸಿಗರು ನೆನಪಿಗೆ ಕೊಳ್ಳುವ ಹೂದಾನಿ. ತವರ ಬೆರೆತ ಲೋಹ. ಹಳೆಯದು ನಿಜ, ಬೆಲೆ ಒಂದು ಒಳ್ಳೆ ಚೆಂಡಿನಷ್ಟು," ಎಂದೆ.

ಅಧ್ಯಕ್ಷರು ಬಗ್ಗಿ ಕಪ್ಪಿನ ತಳ ನೋಡಿದರು.

"ಹಾಗಾದ್ರೆ ಲಾಕರ್ ಎಂತಕೆ ಸರ್?" ಎಂದ ಶಾಹಿನಾ ಕಪ್ಪನ್ನು ಬ್ಯಾಗಿಗೆ ಹಾಕಿಕೊಂಡಳು.

ಬೆಳ್ಳಿಯಲ್ಲವೆಂದು ಗೊತ್ತಾದ ದಿನವೇ ಅದು ಗೆದ್ದವರ ಮನೆಗೆ ಮೊದಲ ಬಾರಿಗೆ ಹೋಯಿತು.