ಇಬ್ಬರ ಸೂತ್ರ

ಕಾಲೇಜಿನ ಹುಡುಗರು ಅವರಿಗೆ ಇಟ್ಟಿದ್ದ ಅಡ್ಡಹೆಸರು ಬಲೂನ್ ಮೇಷ್ಟ್ರು. ವರ್ಷದ ಮೊದಲ ಪಾಠಕ್ಕೆ ಬಲೂನು ಊದುತ್ತಲೇ ಒಳಗೆ ಬರುತ್ತಿದ್ದರು. ಹುಟ್ಟಿದ ಕೂಡಲೇ, ಕಣ್ಣು ಮಿಟುಕಿಸುವಷ್ಟು ಹೊತ್ತೂ ಹಿಡಿಯದೆ, ಇಡೀ ವಿಶ್ವ ಹೀಗೆ ಉಬ್ಬಿತು ಎನ್ನುವುದು ಅವರ ಪಾಠ.

ಹೇಗೆ ಉಬ್ಬಿತು ಎನ್ನುವುದಕ್ಕೆ ಅವರದೇ ಒಂದು ಸೂತ್ರವಿತ್ತು. ಒಬ್ಬರದಲ್ಲ, ಇಬ್ಬರದು. ಇನ್ನೊಬ್ಬರು ಪಕ್ಕದ ಮೇಜಿನ ಹಿರಿಯ ಸಹೋದ್ಯೋಗಿ. ಮೇಷ್ಟ್ರು ಅವರನ್ನು ಅಣ್ಣ ಎನ್ನುತ್ತಿದ್ದರು. ಮದುವೆಯಾಗದ ಮೇಷ್ಟ್ರಿಗೆ ಆ ಸೂತ್ರವೇ ಸಂಸಾರ. ಅಣ್ಣ ಹೃದಯಾಘಾತದಿಂದ ತೀರಿಕೊಂಡ ಮೇಲೆ ಆ ಮೇಜಿನ ಮೇಲೆ ಯಾರೋ ಪ್ರಿಂಟರ್ ತಂದಿಟ್ಟರು. ಸೂತ್ರದ ಬಗ್ಗೆ ಜಗಳವಾಡಲು ಯಾರೂ ಉಳಿಯಲಿಲ್ಲ.

ಆಮೇಲೊಂದು ವರ್ಷ ದೂರದ ವೀಕ್ಷಣಾಲಯವೊಂದು ಆಕಾಶದ ಅತಿ ಹಳೆಯ ಬೆಳಕನ್ನು ಅಳೆದು ಅಂಕಿಅಂಶ ಹೊರಬಿಟ್ಟಿತು. ಸೂತ್ರ ನಿಜವಾಗಿದ್ದರೆ ವಿಶ್ವ ಉಬ್ಬಿದಾಗ ಎದ್ದ ಅಲೆಗಳು ಆ ಬೆಳಕಿನಲ್ಲಿ ಢಾಳಾದ ಗುರುತು ಬಿಟ್ಟಿರಬೇಕಿತ್ತು. ಮೇಷ್ಟ್ರು ಕಂಪ್ಯೂಟರಿನಲ್ಲಿ ಎರಡನ್ನೂ ಹೋಲಿಸಿದರು. ಅಳತೆ ಒಪ್ಪುವ ಜಾಗ ಪರದೆಯ ಕೆಳಭಾಗದಲ್ಲಿ. ಅವರ ಸೂತ್ರದ ಚುಕ್ಕೆ ಎಲ್ಲೋ ಮೇಲೆ. ಪ್ರೋಗ್ರಾಮಿನಲ್ಲೇ ತಪ್ಪಿರಲಪ್ಪಾ ಎಂದುಕೊಂಡು ಮೊದಲಿಂದ ಮಾಡಿದರು. ಜಪ್ಪಯ್ಯ ಅಂದರೂ ಚುಕ್ಕೆ ಅಲುಗಲಿಲ್ಲ.

ಸ್ಟಾಫ್ ರೂಮಿನಲ್ಲಿ, "ನಮ್ಮ ಸೂತ್ರ ಸುಳ್ಳಾಯ್ತು" ಎಂದರು.

"ಬಿಡಿ ಸಾರ್, ಸಂಬಳವೇನೂ ನಿಲ್ಲಲ್ವಲ್ಲ" ಎಂದು ಕೆಮಿಸ್ಟ್ರಿಯವರು ನಕ್ಕರು. ಮೇಷ್ಟ್ರೂ ನಕ್ಕರು. ಪುಸ್ತಕ ಎತ್ತಿಕೊಂಡು ಕ್ಲಾಸಿಗೆ ಹೊರಟರು.

ಭಾನುವಾರ ಬಸ್ಸು ಹಿಡಿದು ಅಣ್ಣನ ಮನೆಗೆ ಹೋದರು. ಅತ್ತಿಗೆ ಒಗೆದ ಬಟ್ಟೆ ಮಡಿಸುತ್ತಿದ್ದರು.

"ಅತ್ತಿಗೆ, ನಮ್ಮ ಲೆಕ್ಕ ಬಿದ್ದುಹೋಯ್ತು."

"ಅವರಿದ್ದಿದ್ರೆ ಏನಂತಿದ್ರು?"

"ಇನ್ನೊಂದ್ಸಲ ನೋಡೋ ಕತ್ತೆ, ಅಂತಿದ್ರು."

"ನೋಡಿದ್ಯಾ?"

"ನೋಡ್ದೆ."

ಅತ್ತಿಗೆ ಕೈಯಲ್ಲಿದ್ದ ಬಟ್ಟೆ ಮಡಿಸಿಟ್ಟರು. "ಹಾಗಿದ್ರೆ ತಪ್ಪು ಅಂತ ನೀನೇ ಬರ್ದುಬಿಡು, ಬೇರೆಯವ್ರ ಬಾಯಲ್ಲಿ ಯಾಕೆ ಕೇಳ್ಬೇಕು? ಅವರ ಹೆಸರನ್ನೂ ಹಾಕು. ಸರಿಯಿದ್ದಾಗ ಇಬ್ಬರದೂ ಅಂತಿದ್ರಿ. ತಪ್ಪಾದಾಗ ನೀನೊಬ್ನೇ ಹೊರ್ತೀಯಾ?"

ಮೇಷ್ಟ್ರಿಗೆ ಅಳು ಒತ್ತರಿಸಿಕೊಂಡು ಬಂತು. ಅತ್ತಿಗೆ ಮಡಿಸಿದ ಟವೆಲ್ಲೊಂದನ್ನು ಅವರತ್ತ ಸರಿಸಿ, ತಟ್ಟೆ ಹಾಕಲು ಒಳಗೆ ಎದ್ದುಹೋದರು.

ಪ್ರಬಂಧ ಎರಡು ಹೆಸರಲ್ಲಿ ಅಚ್ಚಾಯಿತು. ಅಣ್ಣನ ಹೆಸರಿನ ಕೆಳಗೆ ದಿವಂಗತ ಎಂದಿತ್ತು. ಕಾಲೇಜಿನಲ್ಲಿ ಎಲ್ಲರೂ ಅಭಿನಂದಿಸಿದರು, ಯಾರೂ ಓದಲಿಲ್ಲ. ಎಲ್ಲಿಯವಳೋ ಒಬ್ಬ ಸಂಶೋಧಕಿ ಮಾತ್ರ ಒಂದು ಸಾಲಿನ ಇಮೇಲ್ ಕಳಿಸಿದಳು, ಆ ದಾರಿ ಹಿಡಿಯುವುದು ತಪ್ಪಿ ತನ್ನ ಕೆಲಸ ಹಗುರಾಯಿತೆಂದು. ಮೇಷ್ಟ್ರು ಖುಷಿಯಾಗಿ ಉದ್ದನೆಯ ಉತ್ತರ ಬರೆದರು. ಆಕೆ ಮತ್ತೆ ಬರೆಯಲಿಲ್ಲ.

ಈಗ ಅವರು ಬೇರೊಂದು ಸೂತ್ರ ಹಿಡಿದು ಕೂತಿದ್ದಾರೆ. ಅಣ್ಣ ಕೇಳುತ್ತಿದ್ದ ಪ್ರಶ್ನೆಗಳನ್ನೂ ತಾವೇ ಕೇಳಿಕೊಳ್ಳುತ್ತಾರೆ, ಒಮ್ಮೊಮ್ಮೆ ಗಟ್ಟಿಯಾಗಿ.