ಕೇಳಿಸದ ಹಾಗೆ ಹಾಡಿದ ವೀಬ್ಕೆ

ವೀಬ್ಕೆ ಹಾರ್ಮ್ಸ್ ನಮ್ಮ ಬಂದರು ಊರಿನ ಒಪೆರಾ ರಂಗಮಂದಿರಕ್ಕೆ ಗಾಯಕಿಯಾಗಿ ಸೇರಿದಾಗ ಅವಳಿಗೆ ಇನ್ನೂ ಮೂವತ್ತಾಗಿರಲಿಲ್ಲ. ಅಪ್ಪ ಮೀನಿಗೆ ಹೊಗೆ ಕೊಟ್ಟು ಮಾರುವವನು. ಅವಳದು ತೀರಾ ಮೇಲೂ ಅಲ್ಲದ, ತೀರಾ ಕೆಳಗೂ ಅಲ್ಲದ ಮೆಝೋ ದನಿ. ಇಂಥ ದನಿಗೆ ನಾಯಕಿಯ ಪಾತ್ರ ಸಿಗುವುದು ಅಪರೂಪ. ಹಾಗಾಗಿ ಅವಳು ನಾಯಕಿಯ ತಾಯಿಯಾದಳು, ದಾದಿಯಾದಳು, ಮಾಟಗಾತಿಯಾದಳು, ಷರಾಯಿ ತೊಟ್ಟು ಪ್ರೇಮದಲ್ಲಿ ಬಿದ್ದ ಹುಡುಗನೂ ಆದಳು. ಮೀನು ಮಾರುಕಟ್ಟೆಯ ಹೆಂಗಸರಿಗೆ ಅವಳನ್ನು ಕಂಡರೆ ಸಲುಗೆ.

"ಏನಮ್ಮಾ, ಈ ಸಲ ಯಾರಿಗೆ ವಿಷ ಹಾಕ್ತೀಯಾ?"

"ಸ್ವಂತ ಮಗಳಿಗೇ. ಶನಿವಾರ ಬನ್ನಿ, ತೋರಿಸ್ತೀನಿ."

ಬಂದರಿನ ಕ್ರೇನ್ ನಡೆಸುವ ಹೆನ್ನಿಂಗನನ್ನು ಮದುವೆಯಾಗಿ ಅವಳು ಇಲ್ಲೇ ನೆಲೆಯಾದಳು.

ನಮ್ಮ ರಂಗಮಂದಿರಗಳಲ್ಲಿ ಒಂದು ಪದ್ಧತಿಯಿದೆ. ಒಂದೇ ಕಡೆ ಹದಿನೈದು ವರ್ಷ ದಾಟಿದ ಗಾಯಕಿಯನ್ನು ಆಮೇಲೆ ತೆಗೆಯಲು ಬರುವುದಿಲ್ಲ. ಆದ್ದರಿಂದ ಅದಕ್ಕೆ ಮುಂಚೆಯೇ, ಶರತ್ಕಾಲದಲ್ಲಿ ಕೋಣೆಗೆ ಕರೆದು, ಇನ್ನು ಸಾಕು ಎಂದುಬಿಡುತ್ತಾರೆ. ಹದಿನಾಲ್ಕನೆಯ ವರ್ಷದಲ್ಲಿ ನಿರ್ದೇಶಕರು ವೀಬ್ಕೆಯನ್ನೂ ಕರೆದರು.

"ನಿಮ್ಮ ಹಾಡಲ್ಲಿ ತಪ್ಪೇನಿಲ್ಲ ಹಾರ್ಮ್ಸ್ ಅವರೇ. ಜನಕ್ಕೆ ಹೊಸ ದನಿ ಬೇಕು, ಅಷ್ಟೆ. ಮೇಳದಲ್ಲಿ ಒಂದು ಜಾಗ ಖಾಲಿ ಇದೆ. ಆದ್ರೆ ಅಲ್ಲಿ ನನ್ನ ಮಾತು ಒಂದೇ ನಡೆಯಲ್ಲ. ಮೇಳದವರೂ ಒಪ್ಬೇಕು."

ಮೇಳವೆಂದರೆ ಹಿಂದೆ ನಿಂತು ಒಟ್ಟಾಗಿ ಹಾಡುವವರು. ಅಲ್ಲಿ ಸಂಬಳ ಕಡಿಮೆಯಿಲ್ಲ, ಕೆಲಸ ನಿವೃತ್ತಿಯವರೆಗೂ ಇರುತ್ತದೆ. ಹೆಸರು ಮಾತ್ರ ಇರುವುದಿಲ್ಲ.

ಆ ಸಂಜೆ ಬ್ರೆಡ್ಡು, ಉಪ್ಪು ಮೀನು ಮುಂದಿಟ್ಟುಕೊಂಡು ಗಂಡ ಹೆಂಡತಿ ಕೂತರು.

"ಬೇರೆ ಊರಲ್ಲಿ ಕೆಲ್ಸ ಸಿಕ್ರೆ ನೀನೂ ಬರ್ತೀಯಾ?" ಎಂದಳು ವೀಬ್ಕೆ.

"ಕ್ರೇನ್ ಹೊತ್ಕೊಂಡು ಬರ್ಲಾ?" ಎಂದ ಹೆನ್ನಿಂಗ್.

ಇಬ್ಬರೂ ನಕ್ಕರು. ಆಮೇಲೆ ಯಾರಿಗೂ ಊಟ ಸೇರಲಿಲ್ಲ. ಹಾಗೆ ಊರು ಬಿಟ್ಟ ಗಾಯಕಿಯರು ವಾರದ ಕೊನೆಗಳನ್ನೆಲ್ಲ ರೈಲಿನಲ್ಲೇ ಕಳೆಯುತ್ತಿದ್ದರು. ಕೆಲವರಿಗೆ ಆಮೇಲೆ ರೈಲು ಹತ್ತುವ ಕಾರಣವೂ ಉಳಿಯಲಿಲ್ಲ. ವೀಬ್ಕೆಗೆ ಬೇಕಿದ್ದದ್ದು ಒಂದೇ, ಈ ಮನೆಯಲ್ಲಿ ಉಳಿಯುವುದು.

ಮೇಳದ ಹೆಂಗಸರ ಪರವಾಗಿ ಮಾತಾಡುವವಳು ಗೆರ್ಲಿಂಡೆ, ಹಿರಿಯಳು, ಬಾಯಿ ಜೋರು. ಕ್ಯಾಂಟೀನಿನಲ್ಲಿ ವೀಬ್ಕೆ ಅವಳ ಎದುರು ಕೂತಳು.

"ಇಷ್ಟು ವರ್ಷ ನಮಗೆ ಬೆನ್ನು ತೋರಿಸ್ಕೊಂಡು ಹಾಡ್ದೆ. ಈಗ ಪಕ್ಕದಲ್ಲಿ ನಿಲ್ತೀನಿ ಅಂತೀಯಲ್ಲೇ!"

"ನಿಮ್ಮ ಕಡೆ ತಿರುಗಿ ಹಾಡಿದ್ರೆ ಜನ ಟಿಕೆಟ್ ದುಡ್ಡು ವಾಪಸ್ ಕೇಳ್ತಿದ್ರು."

"ನಗಿಸ್ಬೇಡ್ವೇ, ಸೂಪು ಮೂಗಿಗೆ ಹೋಗತ್ತೆ." ಗೆರ್ಲಿಂಡೆ ಬಾಯಿ ಒರೆಸಿಕೊಂಡಳು. "ನೋಡು, ನಿನ್ನ ಗಂಟಲು ಮಂಜಲ್ಲಿ ಹಡಗಿಗೆ ಊದೋ ಕೊಂಬಿದ್ದ ಹಾಗೆ. ನಾವು ಎಲ್ಲ ಸೇರಿ ಒಂದು ದನಿ. ಅದರೊಳಗೆ ನಿಂದು ಬೇರೆ ಕೇಳಿಸ್ತೋ, ನಾನೇ ಬೇಡ ಅಂತ ಕೈ ಎತ್ತೋದು."

ವೀಬ್ಕೆ ಮನೆಯಲ್ಲಿ ಅಭ್ಯಾಸಕ್ಕೆ ಕಸ ಹೀರುವ ಯಂತ್ರವನ್ನೇ ಹಿಡಿದಳು. ಅದರ ಸದ್ದಿನೊಳಗೆ ತನ್ನ ದನಿ ಅಡಗಬೇಕು, ಪಕ್ಕದ ಕೋಣೆಯಲ್ಲಿರುವ ಹೆನ್ನಿಂಗನಿಗೆ ಗೊತ್ತಾಗಬಾರದು.

"ಹಾಡ್ತಿದೀಯಾ?" ಎಂದು ಅವನು ಕೂಗುತ್ತಿದ್ದ.

"ಇಲ್ಲ, ಈಗ ಬರೀ ಗುಡಿಸ್ತಿದೀನಿ!"

ಮನೆ ಎಂದೂ ಅಷ್ಟು ಚೊಕ್ಕಟವಾಗಿರಲಿಲ್ಲ.

ಪರೀಕ್ಷೆಯ ದಿನ ಅವಳು ಮೊದಲು ಒಬ್ಬಳೇ ಹಾಡಬೇಕಿತ್ತು. ಅದು ಅವಳಿಗೆ ನೀರು ಕುಡಿದಷ್ಟು ಸುಲಭ. ಆಮೇಲೆ ಅವಳನ್ನು ಅವಳಂಥದೇ ದನಿಯ ಏಳು ಹೆಂಗಸರ ಸಾಲಿನಲ್ಲಿ ಗೆರ್ಲಿಂಡೆಯ ಪಕ್ಕಕ್ಕೆ ನಿಲ್ಲಿಸಿದರು. ಮೇಳದ ಗುರು ಟೆಶ್ನರ್ ಪ್ರತಿಯೊಬ್ಬರ ಬಾಯಿಯ ಹತ್ತಿರ ಕಿವಿ ತಂದು ನಡೆಯುತ್ತ ಬಂದರು. ವೀಬ್ಕೆಯ ಮುಂದೆ ನಿಂತುಬಿಟ್ಟರು.

"ಹಾರ್ಮ್ಸ್, ಇಲ್ಲಿ ಯಾರೂ ಸಾಯ್ತಾ ಇಲ್ಲ. ನಾವು ಮದುವೆಗೆ ಬಂದಿರೋ ಊರ ಜನ, ಅಷ್ಟೆ."

ಎರಡನೆಯ ಸಲ ಅವಳು ದನಿಯನ್ನು ಪೂರಾ ಅದುಮಿದಳು. ಟೆಶ್ನರ್ ಮತ್ತೆ ನಿಂತರು.

"ಈಗ ನೀವು ಮದುವೆಗೆ ಬರ್ಲೇ ಇಲ್ಲ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ವೀಬ್ಕೆಯ ಕಿವಿ ಬಿಸಿಯಾಯಿತು. ಆಗ ಗೆರ್ಲಿಂಡೆ ಮುಖ ತಿರುಗಿಸದೆ ಪಿಸುಗುಟ್ಟಿದಳು.

"ನಾನು ಉಸಿರು ತಗೊಳ್ಳೋವಾಗ ನೀನು ತಗೋಬೇಡ. ನೀನು ತಗೊಳ್ಳೋವಾಗ ನಾನು ದನಿ ಹಿಡಿದಿರ್ತೀನಿ."

ಒಬ್ಬಳೇ ಹಾಡುವವಳು ತನ್ನ ಉಸಿರನ್ನಷ್ಟೇ ಲೆಕ್ಕವಿಡುತ್ತಾಳೆ. ಮೂರನೆಯ ಸಲ ವೀಬ್ಕೆ ಪಕ್ಕದವಳ ಉಸಿರಿಗೆ ಕಿವಿಗೊಟ್ಟಳು. ಗೆರ್ಲಿಂಡೆ ಎಲ್ಲಿ ತಡೆಯುತ್ತಾಳೆ, ಎಲ್ಲಿ ಬಿಡುತ್ತಾಳೆ ಎಂದು ಹಿಂಬಾಲಿಸುವುದರಲ್ಲಿ ತನ್ನ ಗಂಟಲಿನ ನೆನಪೇ ಹೋಯಿತು. ಟೆಶ್ನರ್ ಅವಳನ್ನು ದಾಟಿ ಮುಂದೆ ನಡೆದುಬಿಟ್ಟರು. ಸಾಲಿನ ಕೊನೆಯವರೆಗೂ ನಿಲ್ಲಲಿಲ್ಲ.

ಬಾಗಿಲು ಮುಚ್ಚಿ ಮೇಳದವರು ಕೈ ಎತ್ತುವಾಗ ಅವಳು ಹೊರಗೆ ಕಾದಳು. ಬಾಗಿಲು ತೆರೆದು ಗೆರ್ಲಿಂಡೆಯೇ ಬಂದಳು.

"ಬಾ ಒಳಗೆ. ನಿನ್ನ ಕುರ್ಚಿ ಕಿರುಗುಟ್ಟತ್ತೆ, ಈಗ್ಲೇ ಹೇಳಿದೀನಿ. ಆಮೇಲೆ ದೂರ ಹೇಳ್ಬೇಡ."

ವೀಬ್ಕೆ ಅಲ್ಲೇ ಅವಳನ್ನು ತಬ್ಬಿಕೊಂಡು ಅತ್ತಳಂತೆ. "ಮೂಗಿಂದು ನನ್ನ ಸ್ವೆಟರ್‌ಗೆ ಒರೆಸ್ಬಿಟ್ಳು" ಎಂದು ಗೆರ್ಲಿಂಡೆ ಈಗಲೂ ಹೇಳುತ್ತಾಳೆ.

ಬೇಸರ ಆಗಲೇ ಇಲ್ಲವೆಂದರೆ ಸುಳ್ಳಾಗುತ್ತದೆ. ಹೊಸ ಹುಡುಗಿ ಮಾಟಗಾತಿಯಾಗಿ ಮುಂದೆ ನಿಂತು ಹಾಡಿದ ಮೊದಲ ಸಂಜೆ, ಹಿಂದೆ ನಿಂತ ವೀಬ್ಕೆಯ ತುಟಿಗಳು ಪ್ರತಿ ಸಾಲಿಗೂ ತಾವಾಗಿಯೇ ಅಲ್ಲಾಡಿದವು. ಎರಡನೆಯ ವಾರಕ್ಕೆ ನಿಂತವು.

ಗಂಟಲು ಕೆಟ್ಟರೆ ಗತಿಯೇನೆಂದು ಅಷ್ಟು ವರ್ಷ ಅವಳು ಬೇಸಿಗೆಯಲ್ಲೂ ಕುತ್ತಿಗೆಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದಳು, ತಣ್ಣಗಿನದನ್ನು ಮುಟ್ಟುತ್ತಿರಲಿಲ್ಲ. ಕಳೆದ ಮೇ ತಿಂಗಳಲ್ಲಿ ಬಂದರಿನ ಕಟ್ಟೆಯ ಮೇಲೆ ಗಂಡನ ಜೊತೆ ಕೂತು, ಬೋಳು ಕುತ್ತಿಗೆಯಲ್ಲಿ, ಸ್ಟ್ರಾಬೆರಿ ಐಸ್‌ಕ್ರೀಂ ತಿನ್ನುತ್ತಿದ್ದಳು.

"ಸಂಜೆ ಆಟ ಇದೆಯಲ್ಲೇ. ಗಂಟಲು?" ಎಂದ ಹೆನ್ನಿಂಗ್.

"ನಮ್ಮ ಸಾಲಲ್ಲಿ ಇನ್ನೂ ಏಳು ಗಂಟಲಿದೆ ಬಿಡು," ಎಂದು ಅವಳು ಅವನ ಪಾಲಿನದಕ್ಕೂ ಚಮಚ ಹಾಕಿದಳು.